ಜಗಲಿಯಲ್ಲಿ ಕೂತು ಬೀಡಿ ಸೇದಿದರೆ ಮನೆಯವರಿಗೆ ಹೊಗೆ ತಾಗುವುದಿಲ್ಲವೇ?

‘ನಾನು ಒಳಗೆ ಸೇದುವುದಿಲ್ಲ, ಜಗಲಿಯಲ್ಲಿ ಸೇದುತ್ತೇನೆ. ಬಾಗಿಲು ತೆರೆದೇ ಇರುತ್ತದೆ, ಹೊಗೆ ಹೊರಗೆ ಹೋಗುತ್ತದೆ.’ ಈ ಮಾತು ನಾವೆಲ್ಲ ಕೇಳಿದ್ದೇ. ಆದರೆ ಇದು ಪೂರ್ತಿ ನಿಜವಲ್ಲ.

ಪುತ್ತೂರು ತಾಲೂಕಿನ ಈಶ್ವರಮಂಗಲದಂಥ ಊರಿನಲ್ಲಿ ಸರ್ಕಾರದ ವಸತಿ ಯೋಜನೆಯ ಮನೆ ಎಂದರೆ ಸಾಮಾನ್ಯವಾಗಿ ಒಂದೆರಡು ಕೋಣೆ, ಅಡುಗೆಮನೆ, ಮುಂದೊಂದು ಸಣ್ಣ ಜಗಲಿ. ಜಗಲಿಯಿಂದ ಮಗು ಮಲಗುವ ಚಾಪೆಗೆ ನಾಲ್ಕೈದು ಹೆಜ್ಜೆ. ಗಾಳಿ ಒಳಮುಖವಾಗಿ ಬೀಸಿದರೆ ತೆರೆದ ಬಾಗಿಲೇ ಹೊಗೆಗೆ ದಾರಿ. ಅಡ್ಡಗೋಡೆ ಮಾಡಿನವರೆಗೆ ಏರಿರದಿದ್ದರೆ ಒಂದು ಕೋಣೆಯ ಹೊಗೆ ಇನ್ನೊಂದಕ್ಕೂ ಇಳಿಯುತ್ತದೆ. ಆಟಿ ತಿಂಗಳ ಮಳೆಯಲ್ಲಂತೂ ಕಿಟಕಿಯೂ ಮುಚ್ಚಿರುತ್ತದೆ.

ಸೇದುವವರು ಹೊರಬಿಡುವ ಹೊಗೆಯ ಜೊತೆಗೆ ಉರಿಯುವ ತುದಿಯ ಹೊಗೆಯೂ ಪಕ್ಕದವರ ಶ್ವಾಸಕೋಶ ಸೇರುತ್ತದೆ. ಇದರಿಂದ ಮಕ್ಕಳಲ್ಲಿ ಉಬ್ಬಸ, ಕಿವಿ ಸೋಂಕು, ದೊಡ್ಡವರಲ್ಲಿ ಹೃದ್ರೋಗ, ಶ್ವಾಸಕೋಶದ ಕ್ಯಾನ್ಸರ್ ಹೆಚ್ಚುತ್ತವೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 38.7 ಮಂದಿಗೆ ಮನೆಯಲ್ಲೇ ಇಂಥ ಹೊಗೆ ತಾಗುತ್ತದೆ. ಫ್ಯಾನ್ ಹಾಕಿದರೆ ಹೊಗೆ ಹರಡುತ್ತದೆ, ಹೋಗುವುದಿಲ್ಲ. ಊದುಬತ್ತಿ ವಾಸನೆ ಮುಚ್ಚಿ ಇನ್ನಷ್ಟು ಹೊಗೆ ಸೇರಿಸುತ್ತದೆ, ಅಷ್ಟೇ.

‘ಬೀಡಿ ಎಲೆಯದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ’ ಎನ್ನುವುದೂ ತಪ್ಪು. ಬೀಡಿ ಬೇಗ ಆರುತ್ತದೆ. ಅದಕ್ಕೇ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ನಿಕೋಟಿನ್, ಟಾರ್, ಕಾರ್ಬನ್ ಮಾನಾಕ್ಸೈಡ್ ಹೆಚ್ಚೇ ಸಿಗುತ್ತವೆ. (ಬೀಡಿ ಕಟ್ಟಿ ಮನೆ ನಡೆಸಿದ ನಮ್ಮ ಜಿಲ್ಲೆಯ ಹೆಂಗಸರ ಮೇಲೆ ಇದು ದೂರಲ್ಲ.)

ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು 2003ರ ಕಾಯ್ದೆ ತಡೆಯುತ್ತದೆ; 2025ರಿಂದ ಕರ್ನಾಟಕದಲ್ಲಿ ದಂಡ 1,000 ರೂಪಾಯಿವರೆಗೆ. ಆದರೆ ಸ್ವಂತ ಮನೆಯೊಳಗೆ ಆ ಕಾಯ್ದೆ ಬರುವುದಿಲ್ಲ. ಅಮೆರಿಕದ ಸರ್ಕಾರಿ ವಸತಿಗಳಲ್ಲಿ 2018ರಿಂದ ಮನೆಯೊಳಗೂ ಕಟ್ಟಡದಿಂದ 25 ಅಡಿಯೊಳಗೂ ಸೇದುವಂತಿಲ್ಲ. ಇಲ್ಲಿ ಅಂಥ ನಿಯಮವನ್ನು ಮನೆಯವರೇ ಮಾಡಿಕೊಳ್ಳಬೇಕು: ಜಗಲಿಯಲ್ಲ, ಅಂಗಳ ದಾಟಿ. ಮಳೆಗಾಲದಲ್ಲಿ ಕೊಡೆ ಹಿಡಿದು ಅಷ್ಟು ದೂರ ಹೋಗುವುದೇ ಬೇಸರವಾಗಿ ಒಂದೆರಡು ಬೀಡಿ ಕಡಿಮೆಯಾದರೂ ಆಗಲಿ.

ಬಿಡಬೇಕು ಎನ್ನುವವರನ್ನು ಬೈದು ಪ್ರಯೋಜನವಿಲ್ಲ. ಮೊದಲ ಎರಡು ಮೂರು ದಿನ ಸಿಟ್ಟು, ನಿದ್ದೆಗೇಡು ಜಾಸ್ತಿ; ಕೆಲವು ವಾರಗಳಲ್ಲಿ ತಗ್ಗುತ್ತದೆ. ಸೇದಬೇಕೆನ್ನುವ ತುಡಿತ ಬಂದಾಗ ಕೆಲವು ನಿಮಿಷ ತಡೆದರೆ ಸಾಕು, ಅದು ದಾಟುತ್ತದೆ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356, ಕರೆ ಉಚಿತ. ಈ ಬರಹದೊಂದಿಗೆ ಆ ನಂಬರನ್ನೂ ಫಾರ್ವರ್ಡ್ ಮಾಡಿ.