ಗಣಿಗಾರರ ಹಳ್ಳಿಯ ಕಾಲ್ಚೆಂಡಾಟದ ಸಂಘ

ಕಾಲ್ಚೆಂಡಾಟದ ವಿಶ್ವಕಪ್ಪಿನ ಪಂದ್ಯಗಳು ಮೊದಲು ನಡೆದುದು 1930ರಲ್ಲಿ, ಉರುಗ್ವೆ ದೇಶದಲ್ಲಿ ಎಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಬಲ್ಲರು. ಅದಕ್ಕಿಂತ 21 ವರ್ಷ ಮುಂಚೆಯೇ ಯೂರೋಪಿನ ನಾನಾ ದೇಶಗಳ ತಂಡಗಳು ಇಟಲಿಯಲ್ಲಿ ಸೇರಿ ಒಂದು ಪಾರಿತೋಷಕಕ್ಕಾಗಿ ಸೆಣಸಿದ್ದವು. ಅದನ್ನು ಗೆದ್ದುಕೊಂಡು ಹೋದುದು ಯಾವ ಮಹಾನಗರದ ತಂಡವೂ ಅಲ್ಲ; ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ನಡುವಣ ಒಂದು ಹಳ್ಳಿಯ ತಂಡ. ಆ ಹಳ್ಳಿಯ ಹೆಸರು ವೆಸ್ಟ್ ಆಕ್ಲೆಂಡ್. ಅದು ಪಡೆದ ಗೆಲುವಿನಷ್ಟೇ, ಆ ಗೆಲುವಿಗೆ ಅದು ತೆತ್ತ ಬೆಲೆಯೂ ಅರಿಯತಕ್ಕ ಸಂಗತಿ.

ಮೊದಲು ಇಂಗ್ಲೆಂಡಿನ ಕಾಲ್ಚೆಂಡಾಟದ ವ್ಯವಸ್ಥೆಯನ್ನು ತುಸು ತಿಳಿದುಕೊಳ್ಳೋಣ. ಅಲ್ಲಿ ಹಣ ಪಡೆದು ಆಡುವುದಕ್ಕೆ 1885ರಲ್ಲಿ ಒಪ್ಪಿಗೆ ದೊರೆಯಿತು. 1888ರಲ್ಲಿ 12 ಕ್ಲಬ್ಬುಗಳು ಸೇರಿ 'ಫುಟ್‌ಬಾಲ್ ಲೀಗ್' ಎಂಬ ಕೂಟವನ್ನು ಕಟ್ಟಿದವು. ಈಗ ಮೇಲಿನ ನಾಲ್ಕು ಶ್ರೇಣಿಗಳಲ್ಲಿ 92 ಕ್ಲಬ್ಬುಗಳಿವೆ. ಇವುಗಳ ಕೆಳಗೆ ಮೆಟ್ಟಲು ಮೆಟ್ಟಲಾಗಿ ಇಳಿದಿರುವ ಉಳಿದೆಲ್ಲ ಕ್ಲಬ್ಬುಗಳಿಗೆ 'ನಾನ್-ಲೀಗ್', ಎಂದರೆ ಲೀಗಿನ ಹೊರಗಿನವು, ಎಂದು ಹೆಸರು. ಇವುಗಳ ಆಟಗಾರರಲ್ಲಿ ಬಹುಮಂದಿ ವಾರವೆಲ್ಲ ಬೇರೆ ಕಸುಬು ಮಾಡಿ, ಬಿಡುವಿನಲ್ಲಿ ಆಡತಕ್ಕವರು. ವೆಸ್ಟ್ ಆಕ್ಲೆಂಡ್ ಈ ಬಗೆಯ ಕ್ಲಬ್ಬು. 1889ರಲ್ಲಿ ಸ್ಥಾಪಿತವಾದ 'ನಾರ್ದರ್ನ್ ಲೀಗ್' ಎಂಬ ಪ್ರಾಂತೀಯ ಕೂಟವೇ ಅದರ ರಂಗ.

ಈ ಹಳ್ಳಿ ಇಂಗ್ಲೆಂಡಿನ ಈಶಾನ್ಯ ಭಾಗದ ಡರ್ಹಮ್ ಸೀಮೆಯಲ್ಲಿದೆ. 1825ರಲ್ಲಿ ಪ್ರಾರಂಭವಾದ ಪ್ರಸಿದ್ಧ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲುದಾರಿ ಇಲ್ಲಿಯ ಗಾನ್‌ಲೆಸ್ ಹೊಳೆಯನ್ನು ಕಬ್ಬಿಣದ ಸೇತುವೆಯ ಮೇಲೆ ದಾಟುತ್ತಿತ್ತು. ಆ ದಾರಿ ಹಾಕಿದುದೇ ಕಲ್ಲಿದ್ದಲನ್ನು ಸಾಗಿಸುವುದಕ್ಕಾಗಿ. ಗಂಡಸರು ನೆಲದಡಿಯ ಕತ್ತಲೆಯಲ್ಲಿ ಕಲ್ಲಿದ್ದಲನ್ನು ಕಡಿದು ಸಂಸಾರ ಸಾಕುತ್ತಿದ್ದರು. ದಿನವೆಲ್ಲ ಬೆನ್ನು ಬಾಗಿಸಿ ದುಡಿಯುವವರಿಗೆ ಬಯಲ ಗಾಳಿಯಲ್ಲಿ ಓಡುವ ಆಟಕ್ಕಿಂತ ಮಿಗಿಲಾದ ಸುಖ ಯಾವುದು? ಅವರ ಕ್ಲಬ್ಬು ಹುಟ್ಟಿದುದು 1893ರಲ್ಲಿ.

ಇನ್ನು ಪಾರಿತೋಷಕದ ಮಾತು. ಚಹದ ಪೊಟ್ಟಣಗಳ ಮೇಲೆ ನಾವು ಕಾಣುವ ಲಿಪ್ಟನ್ ಎಂಬ ಹೆಸರು ಒಬ್ಬ ಮನುಷ್ಯನದು. ಸರ್ ಥಾಮಸ್ ಲಿಪ್ಟನ್ ಗ್ಲಾಸ್ಗೋ ನಗರದ ಕಿರಾಣಿ ವರ್ತಕ; 1890ರಲ್ಲಿ ಸಿಂಹಳದ ಚಹದ ತೋಟಗಳನ್ನು ಕೊಂಡು ಜಗದ್ವಿಖ್ಯಾತನಾದವನು. ಟ್ಯೂರಿನ್ ನಗರದಲ್ಲಿ ನಡೆಯುವ ಪಂದ್ಯಗಳಿಗೆಂದು ಆತ ಒಂದು ಪಾರಿತೋಷಕವನ್ನು ಕೊಟ್ಟನು. ಇಟಲಿ, ಜರ್ಮನಿ ಮತ್ತು ಸ್ವಿಟ್ಸರ್ಲೆಂಡುಗಳಿಂದ ಹೆಸರಾಂತ ತಂಡಗಳು ಬಂದವು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಮಾತ್ರ ತಂಡವನ್ನು ಕಳುಹಿಸಲು ಒಪ್ಪಲಿಲ್ಲ. ಕೊನೆಗೆ ಕರೆ ಬಂದುದು ವೆಸ್ಟ್ ಆಕ್ಲೆಂಡಿಗೆ. 'ಡಬ್ಲ್ಯು. ಎ.' ಎಂಬ ಅಕ್ಷರಗಳಿಂದ ವುಲಿಚ್ ಆರ್ಸೆನಲ್ ಎಂಬ ದೊಡ್ಡ ಕ್ಲಬ್ಬನ್ನು ಕರೆಯಹೋಗಿ ತಪ್ಪಿ ಈ ಹಳ್ಳಿಯನ್ನು ಕರೆದರೆಂದು ಜನ ನಗುತ್ತ ಹೇಳುವುದುಂಟು. ಅದಕ್ಕೆ ದಾಖಲೆಯ ಆಧಾರವಿಲ್ಲ.

ಕರೆಯೇನೋ ಬಂದಿತು, ಪ್ರಯಾಣದ ವೆಚ್ಚ? ಆಟಗಾರರಲ್ಲಿ ಹೆಚ್ಚಿನವರು ಗಣಿಯ ಕೂಲಿಗಳು. ಕೆಲಸಕ್ಕೆ ಹೋಗದ ದಿನ ಕೂಲಿಯಿಲ್ಲ. ಕೆಲವರು ಮನೆಯ ಸಾಮಾನುಗಳನ್ನೇ ಒತ್ತೆಯಿಟ್ಟು ಹೊರಟರೆಂದು ಹಳ್ಳಿಯವರು ಹೇಳುತ್ತಾರೆ. ಹೀಗೆ ಕಡಲು ದಾಟಿ, ರೈಲಿನಲ್ಲಿ ಬಹುದೂರ ಸಾಗಿ ಅವರು ಟ್ಯೂರಿನ್ ಸೇರಿದರು. 1909ರ ಏಪ್ರಿಲ್ 11ರಂದು ಜರ್ಮನಿಯ ಸ್ಟುಟ್‌ಗಾರ್ಟಿನ ತಂಡವನ್ನು 2–0 ಗೋಲುಗಳಿಂದಲೂ, ಮರುದಿನವೇ ಅಂತಿಮ ಪಂದ್ಯದಲ್ಲಿ ಸ್ವಿಟ್ಸರ್ಲೆಂಡಿನ ವಿಂಟರ್‌ಟೂರ್ ತಂಡವನ್ನು 2–0 ಗೋಲುಗಳಿಂದಲೂ ಸೋಲಿಸಿದರು. 1911ರಲ್ಲಿ ಪಾರಿತೋಷಕವನ್ನು ಉಳಿಸಿಕೊಳ್ಳಲು ಪುನಃ ಹೋದರು. ಅಂತಿಮ ಪಂದ್ಯದಲ್ಲಿ ಎದುರಾದುದು ಯುವೆಂಟಸ್. ಇಂದು ಲೋಕವೆಲ್ಲ ಬಲ್ಲ ಅದೇ ಕ್ಲಬ್ಬು. ಗಣಿಗಾರರು ಅದನ್ನು 6–1ರಿಂದ ಮಣಿಸಿದರು. ಎರಡು ಬಾರಿ ಗೆದ್ದುದರಿಂದ ಪಾರಿತೋಷಕ ಅವರದೇ ಆಯಿತು.

ಟ್ಯೂರಿನ್ನಿನಲ್ಲಿಯೇ 1908ರಲ್ಲಿಯೂ ಅಂತರರಾಷ್ಟ್ರೀಯ ಪಂದ್ಯಾವಳಿಯೊಂದು ನಡೆದಿದ್ದುದರಿಂದ, ಲಿಪ್ಟನ್ ಪಾರಿತೋಷಕವನ್ನು 'ಮೊಟ್ಟಮೊದಲ ವಿಶ್ವಕಪ್ಪು' ಎನ್ನುವುದು ಅಭಿಮಾನದ ಮಾತು. ಇಲ್ಲಿ ಆಡಿದುದು ಕ್ಲಬ್ಬುಗಳೇ ಹೊರತು ರಾಷ್ಟ್ರಗಳ ತಂಡಗಳಲ್ಲ. ಆದರೆ ಇದರಿಂದ ಆ ಕೂಲಿಗಳ ಸಾಹಸಕ್ಕೆ ಕುಂದಿಲ್ಲ.

ಗೆದ್ದು ಮರಳಿದವರಿಗೆ ಎದುರಾದುದು ಸಾಲ. ಅದನ್ನು ತೀರಿಸಲು ಬೇರೆ ದಾರಿ ಕಾಣದೆ, ತಾವು ತಂದ ಪಾರಿತೋಷಕವನ್ನೇ ಊರಿನ ಹೋಟೆಲಿನ ಒಡತಿಯ ಬಳಿ 40 ಪೌಂಡುಗಳಿಗೆ ಒತ್ತೆಯಿಟ್ಟರು. 1912ರಲ್ಲಿ ಕ್ಲಬ್ಬೇ ಮುಚ್ಚಿಹೋಯಿತು. ಯುವೆಂಟಸ್ಸನ್ನು ಸೋಲಿಸಿದ ಮರುವರ್ಷವೇ ಆ ಹಳ್ಳಿಗೆ ತಂಡವೇ ಇಲ್ಲವಾಯಿತು! ಆದರೆ ಜನ ಸುಮ್ಮನಿರಲಿಲ್ಲ. 1914ರಲ್ಲಿ 'ವೆಸ್ಟ್ ಆಕ್ಲೆಂಡ್ ಟೌನ್' ಎಂಬ ಹೆಸರಿನಿಂದ ಅದನ್ನು ಮತ್ತೆ ಎಬ್ಬಿಸಿದರು.

ಒತ್ತೆಯಿಟ್ಟ ಪಾರಿತೋಷಕ ಸುಮಾರು ಅರ್ಧ ಶತಮಾನ ಪರರ ವಶದಲ್ಲಿಯೇ ಇದ್ದಿತು. 1960ರಲ್ಲಿ ಊರಿನವರು 100 ಪೌಂಡುಗಳನ್ನು ಒಟ್ಟುಗೂಡಿಸಿ ಅದನ್ನು ಬಿಡಿಸಿಕೊಂಡರು. ಮರುವರ್ಷವೇ ಅವರ ತಂಡ ಹವ್ಯಾಸಿಗಳ ರಾಷ್ಟ್ರೀಯ ಕಪ್ಪಿನ ಅಂತಿಮ ಪಂದ್ಯಕ್ಕೆಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣವನ್ನು ಕಂಡಿತು. ವಾಲ್ತಮ್‌ಸ್ಟೋ ಅವೆನ್ಯೂ ತಂಡಕ್ಕೆ 2–1ರಿಂದ ಸೋತಿತು. ವಿಧಿಯ ಆಟ ನೋಡಿ: ಅಷ್ಟು ಕಷ್ಟದಿಂದ ಮರಳಿ ಪಡೆದ ಪಾರಿತೋಷಕವನ್ನು 1994ರ ಜನವರಿಯಲ್ಲಿ ಕಳ್ಳರು ಕದ್ದೊಯ್ದರು. ಈಗ ಹಳ್ಳಿಯಲ್ಲಿರುವುದು ಅದರ ಪ್ರತಿಕೃತಿ. ಕೆಳಗಿನ ಶ್ರೇಣಿಗಳ ಕ್ಲಬ್ಬುಗಳಿಗಾಗಿ ನಡೆಯುವ ಎಫ್.ಎ. ವಾಜ್ ಸ್ಪರ್ಧೆಯ ಅಂತಿಮ ಪಂದ್ಯವನ್ನು ತಂಡ 2012 ಮತ್ತು 2014ರಲ್ಲಿ ಮುಟ್ಟಿತು; ಎರಡು ಸಲವೂ ಗೆಲುವು ಒಲಿಯಲಿಲ್ಲ. ಹಿಂದಿನ ಆಟಗಾರರ ನೆನಪಿಗಾಗಿ 2013ರಲ್ಲಿ ಊರಿನಲ್ಲಿ ಒಂದು ಶಿಲ್ಪವನ್ನು ನಿಲ್ಲಿಸಲಾಯಿತು.

ಡರ್ಹಮ್ ಸೀಮೆಯ ಆ ಗಣಿಗಳು ಇಂದು ಮುಚ್ಚಿಹೋಗಿವೆ. ಇಟಲಿಗೆ ಹೋದವರಲ್ಲಿ ಒಬ್ಬರೂ ಉಳಿದಿಲ್ಲ. ಅವರು ತಂದ ಪಾರಿತೋಷಕವೂ ಇಲ್ಲ. ಆದರೂ ಕ್ಲಬ್ಬು ಉಳಿದಿದೆ. ಹಿಂದೆ ಮುಚ್ಚಿದಾಗ ಅದನ್ನು ಪುನಃ ತೆರೆದವರೂ, ಒತ್ತೆಯಿಂದ ಗೌರವವನ್ನು ಬಿಡಿಸಿಕೊಂಡವರೂ ಆಟದಿಂದ ಬಿಡಿಗಾಸನ್ನೂ ಬಯಸದ ಊರಿನ ಜನ. ವಿದ್ಯಾರ್ಥಿಗಳೇ, ಆಟದ ಸಂಘವಾಗಲಿ, ವಾಚನಾಲಯವಾಗಲಿ, ಪರಊರಿನಲ್ಲಿ ನಾವು ನಡೆಸಿಕೊಂಡು ಬಂದ ಕನ್ನಡ ಶಾಲೆಯಾಗಲಿ, ಕಪಾಟಿನೊಳಗಿನ ಪಾರಿತೋಷಕಗಳಿಂದ ಬದುಕುವುದಿಲ್ಲ. ಕೈಬರಿದಾದ ದಿನ ವಂತಿಗೆಯ ಪುಸ್ತಕ ಹಿಡಿದು ಮನೆಮನೆಯ ಮೆಟ್ಟಲು ಹತ್ತುವವರಿದ್ದರೆ ಮಾತ್ರ ಅದು ಬದುಕುತ್ತದೆ.