ನಿಮಗಿದು ಗೊತ್ತೆ? ಕೊಳವೆ ತೂರಿಸದೆಯೂ ರಕ್ತನಾಳ ನೋಡಬಹುದು!

ಬೆಸಗರಹಳ್ಳಿ, ಮದ್ದೂರು ಕಡೆಯವರು ಮೈಸೂರಿನ ಇಲ್ಲವೇ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಿ ಮಾಡಿಸಿಕೊಳ್ಳುವ ಆಂಜಿಯೋಗ್ರಾಂನಲ್ಲಿ ಮಣಿಕಟ್ಟು ಅಥವಾ ತೊಡೆಸಂದಿನಿಂದ ತೆಳು ಕೊಳವೆ ತೂರಿಸಿ, ಅಯೋಡಿನ್ ಇರುವ ದ್ರಾವಣ ಬಿಟ್ಟು, ಎಕ್ಸ್‌ರೇಯಲ್ಲಿ ನಾಳಗಳನ್ನು ನೋಡುತ್ತಾರೆ. ಮಿದುಳಿನ ನಾಳಗಳಿಗೆ ದ್ರಾವಣ ಬಿಟ್ಟು ಎಕ್ಸ್‌ರೇ ತೆಗೆಯುವುದನ್ನು 1927ರಲ್ಲಿ ತೋರಿಸಿಕೊಟ್ಟವರು ಪೋರ್ಚುಗಲ್‌ನ ಎಗಾಸ್ ಮೋನಿಜ್.

ಎಂಆರ್‌ಐ ಯಂತ್ರದಲ್ಲಿ ಮಾಡುವ ಎಂಆರ್ ಆಂಜಿಯೋಗ್ರಫಿಯಲ್ಲಿ ಕೊಳವೆಯೂ ಇಲ್ಲ, ಎಕ್ಸ್‌ರೇಯೂ ಇಲ್ಲ. ಕಾಂತಕ್ಷೇತ್ರದಲ್ಲಿ ಚಿತ್ರ ತೆಗೆಯುವ ಭಾಗಕ್ಕೆ ಹೊಸದಾಗಿ ಹರಿದುಬರುವ ರಕ್ತವೇ ಸುತ್ತಲಿನ ಅಂಗಾಂಶಕ್ಕಿಂತ ಬೆಳ್ಳಗೆ ಕಾಣುತ್ತದೆ! ಹಾಗಾಗಿ ಮಿದುಳಿನ ನಾಳಗಳಿಗೆ ಎಷ್ಟೋ ಸಲ ದ್ರಾವಣವೂ ಬೇಡ. ಆದರೆ ಸದಾ ಮಿಡಿಯುವ ಹೃದಯದ ಸಣ್ಣ ನಾಳಗಳಿಗೆ ಇಂದಿಗೂ ಹಳೆಯ ವಿಧಾನವೇ ಮೇಲು. ಅದರಲ್ಲಿ ಅಡಚಣೆ ಕಂಡರೆ ಅಲ್ಲೇ ನಾಳ ತೆರೆದಿಡುವ ಸ್ಟೆಂಟ್ ಹಾಕಲೂಬಹುದು. ಇನ್ನು, ಕಾಂತಕ್ಷೇತ್ರದ ಕಾರಣ ಪೇಸ್‌ಮೇಕರ್ ಇದ್ದವರು ಎಂಆರ್‌ಐ ಕೋಣೆಗೆ ಹೋಗುವ ಮೊದಲು ಅದನ್ನು ತಿಳಿಸಲೇಬೇಕು.