ಮಣ್ಣೊಳಗೆ ಕೊಳವೆ, ಕೊಳವೆಯೊಳಗೆ ಬೆಳಕು

ಹಳ್ಳಿ ರಸ್ತೆಯ ಬದಿಯಲ್ಲಿ ಗಾಡಿ ಚಕ್ರಕ್ಕಿಂತ ದೊಡ್ಡದಾಗಿ ಸುತ್ತಿಟ್ಟ ಪ್ಲಾಸ್ಟಿಕ್ ಕೊಳವೆಯ ಸುರುಳಿಗಳನ್ನು ನೀವೆಲ್ಲ ನೋಡಿರುತ್ತೀರಿ. ನಮ್ಮ ಅಂತರಘಟ್ಟೆಯ ಕಡೆ ಇಂಥ ಸುರುಳಿಗಳು ಬಂದು ಬಿದ್ದಾಗ ಜನ ಕೇಳಿದ ಮೊದಲ ಪ್ರಶ್ನೆ, ‘ನೀರು ಯಾವಾಗ ಬಿಡ್ತಾರೆ?’ ಎಂದು. ಅದು ನೀರಿನ ಪೈಪಲ್ಲ, ಇಂಟರ್‌ನೆಟ್ ಕೇಬಲ್ಲಿನದು ಎಂದು ತಿಳಿದ ಮೇಲೆ ಎರಡನೆಯ ಪ್ರಶ್ನೆ ಬಂತು: ‘ಬೆರಳು ಗಾತ್ರದ ಕೇಬಲ್ಲಿಗೆ ಆಳುದ್ದದ ಗುಂಡಿ ಯಾಕೆ?’ ಈ ಎರಡನೆಯ ಪ್ರಶ್ನೆ ನನ್ನನ್ನೂ ಹಿಡಿದುಕೊಂಡಿತು. ನಿವೃತ್ತನಾದವನಿಗೆ ಸಮಯಕ್ಕೇನು ಬರ? ಕೊಡೆ ಹಿಡಿದು ಕೆಲಸಗಾರರ ಹಿಂದೆ ಓಡಾಡಿ, ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಕೇಬಲ್ಲಿನ ಒಳಗೇನಿದೆ?

ಎಲ್ಲರೂ ‘ಒಎಫ್‌ಸಿ’ ಎಂದು ಕರೆಯುವ ಆಪ್ಟಿಕಲ್ ಫೈಬರ್ ಕೇಬಲ್ಲಿನಲ್ಲಿ ಮಾಹಿತಿ ಸಾಗುವುದು ತಾಮ್ರದಲ್ಲಲ್ಲ, ಗಾಜಿನಲ್ಲಿ. ಒಂದೊಂದು ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ಎಂಟು ಪಾಲು ಮಾಡಿದರೆ ಅದರಲ್ಲೊಂದು ಪಾಲು. ಆ ಎಳೆಯ ನಟ್ಟನಡುವೆ ಸುಮಾರು 9 ಮೈಕ್ರಾನಿನ ತಿರುಳಿದೆ. ಬೆಳಕು ಸಾಗುವುದು ಅದರಲ್ಲಿ. ತಿರುಳಿನ ಗಾಜಿಗೂ ಅದರ ಸುತ್ತಲಿನ ಗಾಜಿಗೂ ಗುಣದಲ್ಲಿ ಸ್ವಲ್ಪ ವ್ಯತ್ಯಾಸ ಇರುವುದರಿಂದ ಬೆಳಕು ಹೊರಗೆ ಸೋರದೆ ಒಳಗೇ ಉಳಿದು ಮುಂದೆ ಓಡುತ್ತದೆ. ಸೆಕೆಂಡಿಗೆ ಕೋಟ್ಯಂತರ ಸಲ ಮಿನುಗುವ ಈ ಬೆಳಕೇ ನಮ್ಮ ಮಾತು, ಚಿತ್ರ, ಪಹಣಿ, ಪಾಠ ಎಲ್ಲವನ್ನೂ ಹೊತ್ತು ತರುತ್ತದೆ.

ಬೆಳಕನ್ನು ಗಾಜಿನ ಎಳೆಯಲ್ಲಿ ಬಾಗಿಸಿ ಕಳಿಸಬಹುದೆಂದು 1950ರ ದಶಕದಲ್ಲಿ ತೋರಿಸಿಕೊಟ್ಟವರಲ್ಲಿ ಒಬ್ಬರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಆದರೆ ಆಗಿನ ಗಾಜಿನಲ್ಲಿ ಬೆಳಕು ಬಹು ದೂರ ಹೋಗುತ್ತಿರಲಿಲ್ಲ. ಗಾಜಿನ ಕಲ್ಮಶ ತೆಗೆದರೆ ಅದು ಕಿಲೋಮೀಟರುಗಟ್ಟಲೆ ಸಾಗೀತೆಂದು 1966ರಲ್ಲಿ ಇಂಗ್ಲೆಂಡಿನಲ್ಲಿದ್ದ ಚಾರ್ಲ್ಸ್ ಕಾವ್ ಲೆಕ್ಕ ಹಾಕಿ ಹೇಳಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅಂಥ ಗಾಜನ್ನು ಮಾಡಿಯೂ ತೋರಿಸಿತು. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆದರೂ ಗಾಜು ಗಾಜೇ. ಜಗ್ಗಿದರೆ, ಹೆಚ್ಚು ಮಡಿಸಿದರೆ ಕೆಡುತ್ತದೆ. ಆದ್ದರಿಂದ ಅದಕ್ಕೊಂದು ಕವಚ, ಕವಚಕ್ಕೊಂದು ಕೊಳವೆ, ಕೊಳವೆಗೊಂದು ದಾರಿ ಬೇಕು.

ಪಂಚಾಯಿತಿಯ ತನಕ

ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರಿನಲ್ಲಿ. ರಾಜಸ್ಥಾನ, ಆಂಧ್ರಪ್ರದೇಶ, ತ್ರಿಪುರಾಗಳ ಒಂದೊಂದು ಬ್ಲಾಕಿನಲ್ಲಿ ಮೊದಲು ಪ್ರಯೋಗ ನಡೆಯಿತು. ಈಗ ಇದರ ಹೆಸರು ಭಾರತ್‌ನೆಟ್. ತಾಲ್ಲೂಕು ಮಟ್ಟದವರೆಗೆ ಬಿಎಸ್‌ಎನ್‌ಎಲ್ ಮುಂತಾದ ಸಂಸ್ಥೆಗಳ ಕೇಬಲ್ ಮೊದಲೇ ಇತ್ತು. ಅಲ್ಲಿಂದ ಪಂಚಾಯಿತಿ ಕಚೇರಿಯವರೆಗಿನ ಕೊರತೆ ತುಂಬುವುದೇ ಯೋಜನೆಯ ಮುಖ್ಯ ಕೆಲಸ. 2017ರ ಕೊನೆಯ ಹೊತ್ತಿಗೆ ಮೊದಲ ಹಂತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳಿಗೆ ಕೇಬಲ್ ಮುಟ್ಟಿತು.

ಹಣ ಎಲ್ಲಿಂದ? ಫೋನ್ ಕಂಪನಿಗಳು ತಮ್ಮ ಆದಾಯದಲ್ಲಿ ನೂರಕ್ಕೆ ಐದರಷ್ಟನ್ನು ಹಳ್ಳಿಗಾಡಿನ ಸಂಪರ್ಕಕ್ಕಾಗಿ ಇರುವ ನಿಧಿಗೆ ಕಟ್ಟುತ್ತವೆ. 2002ರಿಂದ ಇರುವ ಆ ನಿಧಿಗೆ ಈಗ ‘ಡಿಜಿಟಲ್ ಭಾರತ್ ನಿಧಿ’ ಎಂದು ಹೆಸರು. ಅಂದರೆ ಆ ಗುಂಡಿಯಲ್ಲಿ ನೀವು ಮಾಡಿಸಿದ ರೀಚಾರ್ಜಿನ ಪಾಲೂ ಇದೆ. ಅದು ಸರಿಯಾಗಿ ಆಗುತ್ತಿದೆಯೇ ಎಂದು ನಿಂತು ನೋಡುವ ಹಕ್ಕು ನಮಗೆ ಖಂಡಿತ ಇದೆ.

ಗುಂಡಿಯ ಲೆಕ್ಕ

ಸಾಮಾನ್ಯ ಮಣ್ಣಿನಲ್ಲಿ ಫೈಬರ್ ಹೂಳಲು ಬಿಎಸ್‌ಎನ್‌ಎಲ್ ಇಟ್ಟುಕೊಂಡು ಬಂದ ಆಳ 165 ಸೆಂಟಿಮೀಟರ್, ಹತ್ತಿರಹತ್ತಿರ ಐದೂವರೆ ಅಡಿ. ಬಂಡೆ ಸಿಕ್ಕಲ್ಲಿ ಆಳ ಕಡಿಮೆ ಮಾಡಿ ಮೇಲೆ ಕಾಂಕ್ರೀಟು ಹಾಕುತ್ತಾರೆ. ಇಷ್ಟು ಆಳ ಯಾಕೆಂದು ನಮ್ಮ ನೆಲವನ್ನೇ ಕೇಳಿ. ಟ್ರಾಕ್ಟರ್ ನೇಗಿಲು ಒಂದಡಿಯಷ್ಟು ಇಳಿಯುತ್ತದೆ. ಅಡಿಕೆ ಸಸಿಯ ಗುಂಡಿ ಎರಡು ಮೂರು ಅಡಿ. ಕುಡಿಯುವ ನೀರಿನ ಪೈಪೂ ಮೂರಡಿಯ ಆಸುಪಾಸಿನಲ್ಲೇ. ಇವೆಲ್ಲವುಗಳ ಕೈಗೆ ಸಿಗದಂತೆ ಕೆಳಗಿದ್ದರೆ ಮಾತ್ರ ಗಾಜಿಗೆ ಉಳಿಗಾಲ.

ಒಂದು ಲೆಕ್ಕ ಹಾಕೋಣ. ಒಂದು ಕಿಲೋಮೀಟರ್ ಉದ್ದ, 1.65 ಮೀಟರ್ ಆಳ, ಸರಾಸರಿ 40 ಸೆಂಟಿಮೀಟರ್ ಅಗಲ ಎಂದರೆ 660 ಘನ ಮೀಟರ್ ಮಣ್ಣು. ಟ್ರಾಕ್ಟರಿನ ಟ್ರೈಲರಿಗೆ 3 ಘನ ಮೀಟರಿನಂತೆ ಹಿಡಿದರೆ 220 ಲೋಡು! ಇದನ್ನೆಲ್ಲ ತೆಗೆದು, ಕೊಳವೆ ಇಟ್ಟು, ಮತ್ತೆ ತುಂಬಬೇಕು. ಗುಂಡಿ ಕಡಿಮೆ ತೋಡಿ ಪೂರ್ತಿ ಬಿಲ್ಲು ಮಾಡುವ ಆಸೆ ಹುಟ್ಟುವುದು ಎಲ್ಲಿ ಎಂಬುದೂ ಈ ಲೆಕ್ಕದಲ್ಲೇ ಕಾಣುತ್ತದೆ. ಮುಚ್ಚುವ ಮೊದಲು ಅಳತೆ ಕೋಲು ಇಟ್ಟು ನೋಡುವ ಅಧಿಕಾರಿ ಇದ್ದರೆ ಆ ಆಸೆ ನಿಲ್ಲುತ್ತದೆ.

ಗುಂಡಿಗೆ ಇಳಿಸುವ ಕೊಳವೆ ಸುಮಾರು 40 ಮಿಲಿಮೀಟರ್ ಹೊರ ಅಳತೆಯ, 33 ಮಿಲಿಮೀಟರ್ ಒಳ ಅಳತೆಯ ಗಟ್ಟಿ ಪ್ಲಾಸ್ಟಿಕ್ಕಿನದು. ಒಳಮೈಗೆ ಎಂದೂ ಆರದ ಜಾರು ಪದರ ಇರುತ್ತದೆ. ಬಿರುಕು ಬಿಟ್ಟು, ಮಳೆಗೆ ಉಬ್ಬುವ ಎರೆ ಭೂಮಿ ಅಜ್ಜಂಪುರದ ಕಡೆ ಧಾರಾಳ. ಬಾಗುವ ಗುಣವಿರುವುದರಿಂದ ಈ ಕೊಳವೆ ಅಲ್ಲೂ ತಾಳಿಕೊಳ್ಳುತ್ತದೆ. ತುದಿಗಳಿಗೆ ಕೂಡಲೇ ಬಿರಡೆ ಹಾಕಬೇಕು. ಇಲ್ಲವಾದರೆ ಮಣ್ಣು, ನೀರು, ಇಲಿ ಎಲ್ಲವೂ ಒಳಗೆ ಸೇರುತ್ತವೆ. ಮೋರಿ, ಸೇತುವೆಗಳ ಹತ್ತಿರ ಕಬ್ಬಿಣದ ಪೈಪಿನ ರಕ್ಷಣೆ. ಡಾಂಬರು ರಸ್ತೆ ದಾಟುವಲ್ಲಿ ರಸ್ತೆ ಅಗೆಯದೆ, ಒಂದು ಬದಿಯಿಂದ ಇನ್ನೊಂದು ಬದಿಗೆ ನೆಲದಡಿಯಲ್ಲೇ ಕೊರೆಯುವ ಯಂತ್ರ ಬಂದಿದೆ. ಕೊರೆದ ರಂಧ್ರ ಕುಸಿಯದಿರಲು ಬೆಂಟೊನೈಟ್ ಎಂಬ ಜೇಡಿಯ ರಾಡಿಯನ್ನು ಒಳಗೆ ಹರಿಸುತ್ತಾರೆ.

ಮುಚ್ಚುವಾಗ ಮಣ್ಣನ್ನು ಪದರ ಪದರವಾಗಿ ತುಂಬಿ ದಮ್ಮಸ್ಸು ಹಾಕಬೇಕು. ಒಂದು ಕಡೆ ಗುತ್ತಿಗೆದಾರರ ಆಳುಗಳು ಸಡಿಲ ಮಣ್ಣು ಎಳೆದು ಹೊರಟುಹೋದದ್ದನ್ನು ಕಂಡಿದ್ದೇನೆ. ಮೊದಲ ಮಳೆಗೇ ಅದು ಕುಸಿದು, ರಾತ್ರಿ ಬೈಕಿನಲ್ಲಿ ಬರುತ್ತಿದ್ದ ಹುಡುಗನೊಬ್ಬ ಬಿದ್ದು ಕೈ ಮುರಿದುಕೊಂಡ. ಐದು ನಿಮಿಷದ ದಮ್ಮಸ್ಸಿನ ಉಳಿತಾಯಕ್ಕೆ ಬೆಲೆ ತೆತ್ತವನು ಅವನು.

ಊದಿ ತೂರಿಸುವ ಕೇಬಲ್

ಮಕ್ಕಳಿಗೆ ಇಷ್ಟವಾಗುವ ಭಾಗ ಇದು. ಮಣ್ಣು ಮುಚ್ಚುವ ತನಕ ಕೊಳವೆ ಖಾಲಿ! ಕೇಬಲ್ ಬರುವುದು ಆಮೇಲೆ. ಮೊದಲು ಕೊಳವೆಗೆ ಗಾಳಿ ತುಂಬಿ ಸೋರಿಕೆ ಇದೆಯೇ ನೋಡುತ್ತಾರೆ. ಆಮೇಲೆ ಕಂಪ್ರೆಸರಿನಿಂದ ಜೋರಾಗಿ ಗಾಳಿ ಬಿಡುತ್ತಾ, ಯಂತ್ರದಿಂದ ಕೇಬಲ್ಲನ್ನು ಮೆಲ್ಲಗೆ ಒಳಗೆ ತಳ್ಳುತ್ತಾರೆ. ರಭಸದ ಗಾಳಿಯ ಮೇಲೆ ತೇಲಿಕೊಂಡು ಕೇಬಲ್ ಕಿಲೋಮೀಟರು ದೂರ ಹೋಗುತ್ತದೆ. ಕೈಯಿಂದ ಎಳೆದರೆ ಒಳಗಿನ ಗಾಜಿಗೆ ಜಗ್ಗಾಟ. ಗಾಳಿಗೆ ಆ ಭಯವಿಲ್ಲ.

‘ಯಜಮಾನ್ರೆ, ಪೈಪು ಚೆನ್ನಾಗಿದ್ರೆ ನಾಳೆ ಇನ್ನೊಂದು ಕೇಬಲ್ ಬೇಕಾದ್ರೂ ನೆಲ ಅಗೆಯೋ ಹಂಗಿಲ್ಲ’ ಎಂದ ಒಬ್ಬ ಕೆಲಸಗಾರ. ಆಗ ನನಗೆ ಅರ್ಥವಾಯಿತು: ಇಲ್ಲಿ ನಿಜವಾದ ಆಸ್ತಿ ಕೇಬಲ್ಲಿಗಿಂತ ಹೆಚ್ಚಾಗಿ ಕೊಳವೆ. ಹಳೆಯ ಕೇಬಲ್ ಹೊರಗೆಳೆದು ಹೊಸದನ್ನು ಊದಬಹುದು. ದಾರಿ ಒಂದು ಸಲ ಸರಿಯಾಗಿ ಆಗಿರಬೇಕು, ಅಷ್ಟೆ.

ಅಲ್ಲಲ್ಲಿ ಸಿಮೆಂಟಿನ ಚೇಂಬರಿನಲ್ಲಿ ಹಲವು ಮೀಟರ್ ಕೇಬಲ್ಲನ್ನು ಸುತ್ತಿ ಹೆಚ್ಚುವರಿಯಾಗಿ ಇಡುತ್ತಾರೆ. ಮುಂದೆ ಎಲ್ಲಾದರೂ ತುಂಡಾದರೆ ಸೇರಿಸಲು ಬೇಕಲ್ಲ! ಎರಡು ಎಳೆಗಳ ತುದಿಯನ್ನು ವಿದ್ಯುತ್ ಕಿಡಿಯಲ್ಲಿ ಕರಗಿಸಿ ಬೆಸೆಯುವ ಕೆಲಸ ಅಕ್ಕಸಾಲಿಯ ಕೆಲಸದಂತಿದೆ. ಗುರುತು ತಪ್ಪದಿರಲು ಎಳೆಗಳಿಗೆ ನೀಲಿ, ಕಿತ್ತಳೆ, ಹಸಿರು, ಕಂದು ಎಂದು ಹನ್ನೆರಡು ಬಣ್ಣಗಳು ಗೊತ್ತಾದ ಕ್ರಮದಲ್ಲಿವೆ.

ಕಂಬದ ಮೇಲಿನ ದಾರಿ

ಎಲ್ಲ ಕಡೆಯೂ ನೆಲ ಅಗೆಯಲು ಆಗುವುದಿಲ್ಲ. ಬಂಡೆ, ಕಾಡು, ತುರ್ತು, ಹಣ ಹೀಗೆ ಕಾರಣ ಹಲವು. ಆಗ ಕಂಬದ ಮೇಲೆ ಎಳೆಯುತ್ತಾರೆ. ಭಾರತ್‌ನೆಟ್‌ನ ಎರಡನೆಯ ಹಂತದಲ್ಲಿ ಕೆಲವು ರಾಜ್ಯಗಳು ವಿದ್ಯುತ್ ಕಂಬಗಳನ್ನೇ ಬಳಸಿಕೊಂಡವು. ಇದಕ್ಕಾಗಿಯೇ ಲೋಹವಿಲ್ಲದ, ತನ್ನ ಭಾರವನ್ನು ತಾನೇ ಹೊರುವ ಕೇಬಲ್ ಇದೆ. ಗುಂಡು ತಡೆಯುವ ಅಂಗಿಯಲ್ಲಿ ಬಳಸುವಂಥ ಅರಾಮಿಡ್ ನೂಲು ಅದರ ಬಲ. ಲೋಹವಿಲ್ಲದ್ದರಿಂದ ಕೇಬಲ್ಲಿನಲ್ಲಿ ವಿದ್ಯುತ್ ಹರಿಯುವ ಭಯ ಕಡಿಮೆ. ಆದರೂ ಕರೆಂಟಿನ ತಂತಿಗಿಂತ ಕೆಳಗೆ, ಗೊತ್ತಾದ ಅಂತರ ಬಿಟ್ಟೇ ಕಟ್ಟಬೇಕು. ಕಂಬ ಯಾರದೋ ಅವರ ಅನುಮತಿ ಬೇಕು. ನಮ್ಮ ಜಿಲ್ಲೆಯಲ್ಲಿ ವಿದ್ಯುತ್ ಕಂಬ ಎಂದರೆ ಮೆಸ್ಕಾಂ.

ಕಂಬದ ದಾರಿ ಬೇಗ ಮುಗಿಯುತ್ತದೆ, ಖರ್ಚು ಕಡಿಮೆ, ಎಲ್ಲಿ ಹರಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ಆದರೆ ತೆಂಗಿನ ಗರಿ, ಅಡಿಕೆ ಸೋಗೆ, ಮಂಗ, ಹುಲ್ಲು ಹೇರಿದ ಟ್ರಾಕ್ಟರ್ ಎಲ್ಲವೂ ಅದಕ್ಕೆ ಶತ್ರು. ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ಅಂತರಘಟ್ಟಮ್ಮನ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಎತ್ತಿನ ಗಾಡಿಗಳು ಸಾಲುಗಟ್ಟಿ ಬರುತ್ತವೆ, ತೇರು ಎಳೆಯುತ್ತಾರೆ. ತೇರು ಸಾಗುವ ಬೀದಿಗೆ ಅಡ್ಡಲಾಗಿ ಕೇಬಲ್ ಕಟ್ಟಿದರೆ ಪ್ರತಿ ವರ್ಷ ಬಿಚ್ಚಿ ಕಟ್ಟಬೇಕು. ಅಂಥ ಕಡೆ ನೆಲದಡಿಯೇ ಸರಿ. ತೋಟದ ಸಾಲಿನ ಒಂಟಿ ಮನೆಗೆ ಕಂಬವೇ ಸರಿ. ಯಾವ ದಾರಿ ಎಲ್ಲಿಗೆ ಹೊಂದುತ್ತದೆ ಎಂಬುದು ಊರನ್ನು ಬಲ್ಲವರಿಗೆ ಗೊತ್ತು. ಅವರನ್ನು ಕೇಳಿ ಮಾಡಿದ ಕೆಲಸ ಬಾಳುತ್ತದೆ.

ಜೆಸಿಬಿ ಹಲ್ಲು ತಾಗಿದಾಗ

ಬೆಳೆ ವಿಮೆಗೆ ಹೆಸರು ಬರೆಸಲು ಅದು ಕೊನೆಯ ದಿನ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಸೇವಾ ಕೇಂದ್ರದ ಜಗುಲಿಯಲ್ಲಿ ಬೆಳಿಗ್ಗೆಯಿಂದ ಕೂತಿದ್ದರು. ಒಳಗಿನಿಂದ ಬರುತ್ತಿದ್ದ ಉತ್ತರ ಒಂದೇ: ‘ಲಿಂಕ್ ಇಲ್ಲ.’ ಬ್ಯಾಂಕಿನ ಕೌಂಟರಿನ ಆಚೆ ಕೂತು ಆ ಎರಡು ಪದಗಳನ್ನು ಎಷ್ಟು ಸಲ ಹೇಳಿದ್ದೇನೋ ನಾನೇ ಬಲ್ಲೆ. ಅವತ್ತು ಯಾರೋ ನೀರಿನ ಪೈಪು ಹಾಕಲು ಜೆಸಿಬಿ ಬಿಟ್ಟು ಕೇಬಲ್ ಕತ್ತರಿಸಿದ್ದರು. ತಪ್ಪು ಯಂತ್ರ ನಡೆಸಿದವನದೂ ಅಲ್ಲ. ಅಲ್ಲಿ ಕೇಬಲ್ ಇದೆಯೆಂದು ಹೇಳುವ ಒಂದು ಗುರುತಿನ ಕಲ್ಲೂ ಇರಲಿಲ್ಲ.

ತುಂಡಾದ ಜಾಗ ಹುಡುಕುವ ವಿಧಾನ ಸೊಗಸಾಗಿದೆ. ಒಂದು ತುದಿಯಿಂದ ಬೆಳಕಿನ ಮಿಂಚೊಂದನ್ನು ಕಳಿಸಿದರೆ ತುಂಡಾದಲ್ಲಿ ತಾಗಿ ಸ್ವಲ್ಪ ಬೆಳಕು ಹಿಂದಿರುಗುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹೋಗಿ ಬರಲು 50 ಮೈಕ್ರೋಸೆಕೆಂಡ್ ಹಿಡಿದರೆ ಒಟ್ಟು 10 ಕಿಲೋಮೀಟರ್, ಅಂದರೆ ಗಾಯ 5 ಕಿಲೋಮೀಟರ್ ದೂರದಲ್ಲಿದೆ. ಯಂತ್ರ ಇದನ್ನು ಕ್ಷಣದಲ್ಲಿ ಹೇಳಿತು. ಆದರೆ ಆ 5 ಕಿಲೋಮೀಟರಿನ ದಾರಿ ರಸ್ತೆಯ ಯಾವ ಬದಿಯಲ್ಲಿ ಹೋಗಿದೆ ಎಂದು ನೆಲ ಕೆದಕಿ ಹುಡುಕುವಷ್ಟರಲ್ಲಿ ಸಂಜೆಯಾಯಿತು. ಪುಣ್ಯಕ್ಕೆ ಅಜ್ಜಿಯ ಅರ್ಜಿ ಕತ್ತಲಾಗುವ ಮುನ್ನ ಹೋಯಿತು.

ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಹೀಗೆ ಫೈಬರ್ ತುಂಡಾಗುತ್ತದೆ, ಸುಮಾರು 3,000 ಕೋಟಿ ರೂಪಾಯಿ ನಷ್ಟವಾಗುತ್ತದೆ ಎಂದು ಕೇಂದ್ರ ಸರ್ಕಾರವೇ ಹೇಳಿದೆ. ಅದಕ್ಕಾಗಿ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಂತು. ಅಗೆಯುವವರು ಮೊದಲೇ ತಿಳಿಸಿದರೆ, ಆ ನೆಲದಡಿಯಲ್ಲಿ ಕೇಬಲ್, ಪೈಪು ಇಟ್ಟವರಿಗೆ ಸುದ್ದಿ ಹೋಗುತ್ತದೆ. ಅದೇ ವರ್ಷ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ಭಾರತ್‌ನೆಟ್‌ನ ಹೊಸ ಹಂತದಲ್ಲಿ ಪಂಚಾಯಿತಿಗಳನ್ನು ಉಂಗುರದಂತೆ ಜೋಡಿಸುವ ಯೋಜನೆ ಇದೆ. ಒಂದು ಕಡೆ ಕೇಬಲ್ ತುಂಡಾದರೆ ಇನ್ನೊಂದು ಕಡೆಯಿಂದ ಸಂಪರ್ಕ ಬರುತ್ತದೆ, ಕೆರೆಗೆ ಎರಡು ಕಾಲುವೆ ಇದ್ದಂತೆ.

ಊರಿಗೊಂದು ನೆಲದಡಿಯ ನಕ್ಷೆ

ಲೆಡ್ಜರಿನಲ್ಲಿ ಬರೆಯದ ಠೇವಣಿ ಇದ್ದೂ ಇಲ್ಲದಂತೆ. ನಕ್ಷೆಯಲ್ಲಿ ಇಲ್ಲದ ಕೊಳವೆಯೂ ಹಾಗೆಯೇ. ಎಷ್ಟು ಆಳ, ರಸ್ತೆಯ ನಡುವಿನಿಂದ ಎಷ್ಟು ದೂರ, ಎಲ್ಲಿ ಜೋಡಣೆ ಎಂದು ಕೆಲಸ ಮಾಡಿದವರು ಬರೆದಿಡಬೇಕು. ಅದರ ಒಂದು ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಇರಲಿ ಎಂದು ನಾನು ಗ್ರಾಮಸಭೆಯಲ್ಲಿ ಕೇಳಿದ್ದೇನೆ. ನೀವೂ ನಿಮ್ಮ ಊರಲ್ಲಿ ಕೇಳಿ.

ಮಕ್ಕಳೇ, ರಜೆಯಲ್ಲಿ ನೀವೇ ಒಂದು ನಕ್ಷೆ ಮಾಡಬಹುದು. ದೊಡ್ಡ ಹಾಳೆಯಲ್ಲಿ ಊರಿನ ರಸ್ತೆ ಬರೆಯಿರಿ. ಕೇಬಲ್ ಗುರುತಿನ ಕಲ್ಲು, ಚೇಂಬರ್ ಮುಚ್ಚಳ, ನೀರಿನ ವಾಲ್ವು, ಕೊಳವೆಬಾವಿ ಎಲ್ಲವನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸಿ. ಗುಂಡಿ ತೋಡಿದ ನೆನಪಿರುವ ಹಿರಿಯರನ್ನು ಕೇಳಿ ಗೆರೆ ಎಳೆಯಿರಿ. ಮೂರು ಎಚ್ಚರ ಮಾತ್ರ ಇರಲಿ: ತೆರೆದ ಗುಂಡಿಗೆ ಇಳಿಯಬೇಡಿ. ಜೋತುಬಿದ್ದ ಯಾವ ತಂತಿಯನ್ನೂ ಮುಟ್ಟಬೇಡಿ, ಅದು ಕರೆಂಟಿನದೂ ಇರಬಹುದು. ತುಂಡಾದ ಫೈಬರಿನ ತುದಿಗೆ ಕಣ್ಣಿಟ್ಟು ನೋಡಬೇಡಿ. ಅದರ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಕೆಡುಕು. ಗಾಜಿನ ಚೂರೂ ಚರ್ಮಕ್ಕೆ ಚುಚ್ಚುತ್ತದೆ.

ನಕ್ಷೆ ಮುಗಿದ ಮೇಲೆ ಅದನ್ನು ಪಂಚಾಯಿತಿಯ ಅರಿವು ಕೇಂದ್ರದಲ್ಲಿ ತೂಗುಹಾಕಿ. ಮುಂದಿನ ಸಲ ಯಾರಾದರೂ ಜೆಸಿಬಿ ತಂದಾಗ ಅವರನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ.